ಬಲಗಡೆಯ ಜೇಬು

ಮಂಗಳವಾರ, 4

ಬೆಳಿಗ್ಗೆಯೇ ಕತ್ತಲು ಮಾಡಿಕೊಂಡೆ. ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿನ ಸಂದಿಗೆ ಹಳೆಯ ಕಂಬಳಿ, ಕೆಂಪು ಬಲ್ಬು. ಒಗೆಯುವ ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ಮೂರು ಟ್ರೇ — ಚಿತ್ರ ಬರಿಸುವ ಡೆವಲಪರ್, ನೀರು, ಬಂದದ್ದನ್ನು ನಿಲ್ಲಿಸುವ ಫಿಕ್ಸರ್. ಡೆವಲಪರ್ ತಣ್ಣಗಿತ್ತು. ಬಿಸಿನೀರಿನ ಬೋಗುಣಿಯೊಳಗೆ ಟ್ರೇ ಕೂರಿಸಿದೆ. ಅಮ್ಮ ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಗೊಣಗುತ್ತಿದ್ದಳು. ಇರುವುದೊಂದು ಬಚ್ಚಲು, ಅದರಲ್ಲೂ ಮೊದಲು ಫೋಟೋಗಳ ಸ್ನಾನ, ಆಮೇಲೆ ಹೆತ್ತವಳದು. ಆ ಕಾಗದಗಳನ್ನು ಉಜ್ಜುವಷ್ಟು ನನ್ನ ಬೆನ್ನು ಉಜ್ಜಿದ್ದರೆ ನಾನು ಈ ಹೊತ್ತಿಗೆ ಬೆಳ್ಳಗಾಗಿರುತ್ತಿದ್ದೆ ಅಂದಳು.

ಇವತ್ತು ನಗು ಬರಲಿಲ್ಲ. ಇವತ್ತಿನ ಫಿಲ್ಮ್ ಅಂಥದ್ದು.

ನಿನ್ನೆ ಗಂಟಲು ತಂದುಕೊಟ್ಟದ್ದು, ರಾತ್ರಿಯೇ ತೊಳೆದು ಒಣಗಿಸಿದ್ದೆ. ಕಾರ್ಮಿಕ ಸಂಘದ ಕಾರ್ಯದರ್ಶಿ ಅವಳು. ಮೈಕಿಲ್ಲದೆ ಇಡೀ ಬೀದಿಗೆ ಕೇಳಿಸುವವಳು, ಅದಕ್ಕೇ ಆ ಹೆಸರು. ನಿನ್ನೆ ಮೊದಲ ಸಲ ಪಿಸುಗುಟ್ಟಿದಳು.

ಹೋದ ವಾರ ಬಣ್ಣದ ಕಾರ್ಖಾನೆಯ ಕೊಳಚೆ ಟ್ಯಾಂಕಿನಲ್ಲಿ ಮೂವರು ಸತ್ತರು. ಉಸಿರು ಕಟ್ಟಿ. ಮೂಗಿಗೆ ಹಿಡಿಯಲು ಒಂದು ಬಟ್ಟೆ ಕೂಡ ಕೊಡದೆ ಇಳಿಸಿದರು. ಮಾರನೆಯ ದಿನ ಕಂಪನಿ ಗೇಟಿಗೆ ನೋಟಿಸು ಅಂಟಿಸಿತು — ಆಜ್ಞೆ ಮೀರಿ ತಾವಾಗಿಯೇ ಇಳಿದರು, ಆ ಹೊತ್ತಿನಲ್ಲಿ ಸೂಪರ್‌ವೈಸರ್ ಅಲ್ಲಿರಲೇ ಇಲ್ಲ. ಇವರ ಭಾಷೆಯಲ್ಲಿ ಬಡವ ಯಾವಾಗಲೂ ತಾನಾಗಿಯೇ ಸಾಯುತ್ತಾನೆ.

ಫಿಲ್ಮಿನಲ್ಲಿ ಸೂಪರ್‌ವೈಸರ್ ಇದ್ದಾನೆ. ಟ್ಯಾಂಕಿನ ಬಾಯಿಯ ಹತ್ತಿರ ನಿಂತು ಬೆರಳು ಕೆಳಗೆ ತೋರಿಸುತ್ತಿದ್ದಾನೆ. ಮೂವರೂ ಅವನ ಎದುರು ನಿಂತಿದ್ದಾರೆ. ಇನ್ನೂ ಬದುಕಿದ್ದಾರೆ.

ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲ. ಗೇಟಿನಲ್ಲೇ ಕಸಿದು ಪೆಟ್ಟಿಗೆಗೆ ಹಾಕುತ್ತಾರೆ. ಅದಕ್ಕೇ ಹೋದ ತಿಂಗಳು ಗಂಟಲು ನನ್ನ ಪುಟ್ಟ ಫಿಲ್ಮ್ ಕ್ಯಾಮೆರಾ ಒಯ್ದಿದ್ದಳು. ಯಾರಿಗೆ ಕೊಟ್ಟಳೋ, ಹೇಳಲಿಲ್ಲ. ನಾನೂ ಕೇಳಲಿಲ್ಲ. ತೆಗೆದವರು ಯಾರೆಂದು ಯಾರಿಗೂ ಗೊತ್ತಿಲ್ಲದಿರುವುದೇ ಅವರ ಪ್ರಾಣಕ್ಕೆ ಬೇಲಿ.

ಮೊದಲ ಪ್ರಿಂಟ್ ಎಂದಿನಂತೆ ಮೋಸ ಮಾಡಿತು. ಸೂಪರ್‌ವೈಸರ್ ಬಿಸಿಲಿನಲ್ಲಿ ನಿಂತವನು, ಮೀಸೆಯ ಕೂದಲು ಎಣಿಸಬಹುದು. ಶೆಡ್ಡಿನ ನೆರಳಿನಲ್ಲಿದ್ದ ಮೂವರಿಗೆ ಕೋಟು ಇದೆ, ಹಲ್ಲು ಇದೆ, ಮುಖ ಇಲ್ಲ. ಮಸಿ ಮುದ್ದೆ. ಈ ಫಿಲ್ಮು, ಈ ಕಾಗದ ಮಾಡಿದವರು ತಮ್ಮ ಬಿಳಿ ಕೆನ್ನೆಗೆ ಅಳತೆ ತೆಗೆದುಕೊಂಡು ಮಾಡಿದರು. ನಮ್ಮವರು ಆ ಅಳತೆಯ ಹೊರಗಿನವರು. ಮದುವೆಯ ಫೋಟೋದಲ್ಲೂ ನಮ್ಮ ಮದುಮಗಳು ಬಟ್ಟೆ ಮಾತ್ರ, ಮುಖ ಕತ್ತಲು.

ನನ್ನ ಬಚ್ಚಲಿನಲ್ಲಿ ಅದು ನಡೆಯುವುದಿಲ್ಲ. ತಂತಿಯ ತುದಿಗೆ ರಟ್ಟಿನ ಚೂರು ಅಂಟಿಸಿಟ್ಟಿದ್ದೇನೆ. ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುವಾಗ ಕಪ್ಪು ಮುಖಗಳ ಮೇಲೆ ಅದನ್ನು ಅಡ್ಡ ಹಿಡಿದು ಅಲ್ಲಾಡಿಸುತ್ತೇನೆ. ಅಲ್ಲಿ ಬೆಳಕು ಕಡಿಮೆ ಬೀಳುತ್ತದೆ, ಕಾಗದ ಅಷ್ಟು ಕಪ್ಪಾಗುವುದಿಲ್ಲ. ಕಣ್ಣು ಬರುತ್ತದೆ, ಮೂಗು ಬರುತ್ತದೆ, ಮನುಷ್ಯ ಬರುತ್ತಾನೆ. ಈ ಕೆಲಸ ಕಲಿತಂದಿನಿಂದ ಒಂದು ಕಪ್ಪು ಮುಖವನ್ನೂ ಕತ್ತಲಿಗೆ ಬಿಟ್ಟುಕೊಟ್ಟವಳಲ್ಲ ನಾನು.

ಮೂವರನ್ನೂ ಮೇಲೆತ್ತಿದೆ. ಆಗ ಕಂಡಿತು — ಮೇಲಿನ ಮೂಲೆಯಲ್ಲಿ, ಸೂಪರ್‌ವೈಸರನ ಕ್ಯಾಬಿನ್ನಿನ ಪಕ್ಕ, ಇನ್ನೊಬ್ಬರು. ಕೋಟಿನ ಅಂಚು, ತಲೆಯ ದುಂಡು, ಅಷ್ಟೇ. ಹೆಂಗಸು ಇರಬೇಕು. ಯಾರಮ್ಮಾ ನೀನು, ನೀನೂ ನೋಡಿದ್ದೀಯಲ್ಲ, ಕತ್ತಲಲ್ಲಿ ಯಾಕೆ ನಿಂತೆ, ಬಾ ಅಂದೆ. ರಟ್ಟನ್ನು ಆ ಮೂಲೆಗೂ ಹಿಡಿದೆ. ಬಂದಳು. ತೆಳ್ಳಗೆ, ಆದರೆ ಬಂದಳು.

ಸಂಘದ ಹಾಲಿಗೆ ಒಂದು ದೊಡ್ಡದು. ಈ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿಗೆ, ಪತ್ರಿಕೆಗೆ ಕೈಯಗಲದವು. ಚಿಕ್ಕದರಲ್ಲಿ ಅವಳು ಸಾಸಿವೆ ಕಾಳು, ಕಾಣುವುದಿಲ್ಲ. ದೊಡ್ಡದರಲ್ಲಿ ಕಾಣುತ್ತಾಳೆ. ಒಣಗಲು ಹಗ್ಗಕ್ಕೆ ಸಿಕ್ಕಿಸಿ ಹೆಮ್ಮೆಯಿಂದ ನೋಡಿದೆ.

ಗುರುವಾರ, 6

ದೊಡ್ಡ ಪ್ರಿಂಟನ್ನು ಸಂಘದ ಹಾಲಿನ ಗೋಡೆಗೆ ಹಾಕಿದೆವು. ಜನ ಬಂದರು. ಪತ್ರಿಕೆಯಲ್ಲೂ ಬಂದಿದೆ, ಮಸುಕು ಮಸುಕಾಗಿ.

ಸತ್ತವರಲ್ಲಿ ಎಲ್ಲರಿಗಿಂತ ಚಿಕ್ಕವನ ತಾಯಿ ಬಂದಿದ್ದಳು. ಮಗನ ಮುಖದ ಮೇಲೆ ಬೆರಳಿಟ್ಟು, ಇವನ ಗಲ್ಲದ ಮೇಲೆ ಮೊಡವೆ ಇತ್ತು, ಅದೂ ಬಂದಿದೆ ನೋಡು ಅಂದಳು. ನನಗೆ ಹೇಳಿದ್ದಲ್ಲ, ಹಿಂದೆ ನಿಂತಿದ್ದ ಮಗಳಿಗೆ. ಆ ಮಗಳು ಕಾರ್ಖಾನೆಯ ಕೋಟಿನಲ್ಲೇ ಬಂದಿದ್ದಳು, ಕೈಯಲ್ಲಿ ಊಟದ ಡಬ್ಬಿ. ನೆಲ ನೋಡುತ್ತಿದ್ದಳು. ಒಮ್ಮೆ ಮಾತ್ರ ತಲೆ ಎತ್ತಿದಳು. ನೋಡಿದ ತಕ್ಷಣ ತಾಯಿಯ ರಟ್ಟೆ ಹಿಡಿದು ಎಳೆದುಕೊಂಡು ಹೊರಟೇಹೋದಳು. ದುಃಖ ಅಂದುಕೊಂಡೆ.

ಸಂಜೆ ಬಿಳಿ ಅಂಗಿ ಬಂದ. ಕಂಪನಿಯ ಸೆಕ್ಯುರಿಟಿಯ ದೊಡ್ಡ ತಲೆ. ಯಾವಾಗಲೂ ಇಸ್ತ್ರಿಯ ಬಿಳಿ ಅಂಗಿ, ಬಣ್ಣದ ಕಾರ್ಖಾನೆಯಲ್ಲಿದ್ದೂ ಒಂದು ಹನಿ ಬಣ್ಣ ತಾಗದ ಅಂಗಿ. ಗಂಟಲು ಬಾಗಿಲಲ್ಲೇ ತಡೆಯಲು ಹೋದಳು, ಸಾರ್ವಜನಿಕ ಪ್ರದರ್ಶನ ಅಂತ ನೀವೇ ಬೋರ್ಡು ಹಾಕಿದ್ದೀರಲ್ಲ ಅಂದು ಒಳಗೆ ಬಂದ. ಕೈ ಹಿಂದೆ ಕಟ್ಟಿಕೊಂಡು ನಿಂತ. ಸೂಪರ್‌ವೈಸರನ ಬೆರಳು ನೋಡುತ್ತಾನೆ ಅಂದುಕೊಂಡೆ. ಅದನ್ನು ನೋಡಲೇ ಇಲ್ಲ. ಮೂಲೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನಿಂತ. ಮುಚ್ಚುವ ಹೊತ್ತಾಯಿತು ಎಂದು ಗಂಟಲು ಆ ಗೋಡೆಯ ಲೈಟ್ ಆರಿಸಿದಳು.

ಆಮೇಲೆ ನನ್ನ ಕಡೆ ತಿರುಗಿದ. ಈ ಫೋಟೋ ತೊಳೆದವರು ನೀವೇನಾ ಅಂದ. ಹೌದೆಂದೆ.

“ಕೈಕೆಲಸ ಚೆನ್ನಾಗಿದೆ ಮೇಡಂ. ಕತ್ತಲಲ್ಲಿದ್ದೋರನ್ನೂ ಬಿಟ್ಟಿಲ್ಲ.”

ಥ್ಯಾಂಕ್ಸ್ ಅಂದೆ. ಬಾಯಿ ತಾನಾಗಿ ಅಂದುಬಿಟ್ಟಿತು.

ಶುಕ್ರವಾರ, 7

ಬರೆದಿಡದೆ ಇರಲಾಗುತ್ತಿಲ್ಲ.

ಹಾಲಿನಲ್ಲಿ ಪ್ರಿಂಟಿನ ಒಂದು ಮೂಲೆ ಸುರುಳಿಯಾಗಿತ್ತು, ಸರಿಮಾಡಲು ಹೋಗಿದ್ದೆ. ಅದೇ ಮೂಲೆ. ಪಿನ್ನು ಚುಚ್ಚುವಾಗ ಅವಳ ಕೋಟು ಕಣ್ಣೆದುರಿಗೆ ಬಂತು. ಕಾರ್ಖಾನೆಯ ಕೋಟಿಗೆ ಒಂದೇ ಜೇಬು, ಎಡ ಎದೆಯ ಮೇಲೆ, ಅದರ ಮೇಲೆ ನಂಬರಿನ ಬಿಲ್ಲೆ. ಮೂವರಿಗೂ ಎಡಗಡೆಯೇ ಇದೆ. ಇವಳಿಗೆ ಬಲಗಡೆ.

ಮೊದಲು ಬಂದ ಯೋಚನೆ — ನೆಗೆಟಿವ್ ತಿರುವುಮುರುವು ಹಾಕಿಬಿಟ್ಟೆನಾ. ಕತ್ತಲಲ್ಲಿ ಎಂಥವರಿಗೂ ಆಗುವ ತಪ್ಪು ಅದು. ಆದರೆ ಟ್ಯಾಂಕಿನ ಮೇಲಿನ ‘ಅಪಾಯ’ ಬೋರ್ಡಿನ ಅಕ್ಷರ ಸರಿಯಾಗಿ ಓದಿಸಿಕೊಳ್ಳುತ್ತಿದೆ. ಎಲ್ಲರೂ ನೇರ, ಇವಳೊಬ್ಬಳೇ ತಿರುವು.

ತಿರುವಾಗುವುದು ಕನ್ನಡಿಯಲ್ಲಿ ಮಾತ್ರ.

ಅವಳು ಕ್ಯಾಬಿನ್ನಿನ ಪಕ್ಕ ನಿಂತಿಲ್ಲ. ಕ್ಯಾಬಿನ್ನಿನ ಕಿಟಕಿ ಗಾಜಿನೊಳಗೆ ಇದ್ದಾಳೆ. ಎದೆಯ ಹತ್ತಿರ ಎರಡೂ ಕೈಯಲ್ಲಿ ಏನೋ ಹಿಡಿದಿದ್ದಾಳೆ — ನಾನು ಕೈ ಕಟ್ಟಿಕೊಂಡಿದ್ದಾಳೆ ಅಂದುಕೊಂಡಿದ್ದೆ — ಅದು ಡಬ್ಬಿ. ಡಬ್ಬಿಯೊಳಗೆ ನನ್ನ ಕ್ಯಾಮೆರಾ. ಫೋಟೋ ತೆಗೆದವಳು ಅವಳು. ತನಗೇ ತಿಳಿಯದೆ ತನ್ನನ್ನೂ ತೆಗೆದುಕೊಂಡಿದ್ದಾಳೆ.

ಗಾಜು ಅವಳನ್ನು ಅಡಗಿಸಿಟ್ಟುಕೊಂಡಿತ್ತು. ಕಾಗದವೂ ಅಡಗಿಸಲು ಸಿದ್ಧವಿತ್ತು. ನಾನು ಹೋಗಿ ಬಾ ಅಂತ ಕರೆದೆ. ದೊಡ್ಡದಾಗಿ ಮಾಡಿ ಗೋಡೆಗೆ ಹೊಡೆದೆ. ಬಿಳಿ ಅಂಗಿಗೆ ಥ್ಯಾಂಕ್ಸ್ ಅಂದೆ.

ಗಂಟಲನ್ನು ಎಳೆದುಕೊಂಡು ಬಂದು ತೋರಿಸಿದೆ. ಅವಳು ಹೇಳಿದ್ದು ಒಂದೇ, ಬಾಯ್ಲರ್ ಮನೆಯವನನ್ನು ಮರೆತೆಯೇನೇ ಅಂತ. ಮರೆಯುವುದು ಹೇಗೆ. ಕಾರ್ಖಾನೆ ಇನ್‌ಸ್ಪೆಕ್ಟರ್ ಮುಂದೆ ಕಂಪನಿಯ ವಿರುದ್ಧ ಬಾಯಿಬಿಟ್ಟವನು. ಕೆಲಸ ಮುಗಿಸಿ ಮನೆಗೆ ಹೋಗುವ ತಿರುವಿನಲ್ಲಿ ಎರಡೂ ಕೈ ಮುರಿದರು. ಇವತ್ತಿಗೂ ಅವನಿಗೆ ಹೆಂಡತಿಯೇ ತುತ್ತಿಡಬೇಕು. ಮುರಿದವರು ಯಾರು, ಎಲ್ಲರಿಗೂ ಗೊತ್ತು, ಕಾಗದದಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ.

ಯಾರವಳು ಎಂದು ಕೇಳಿದೆ. ಹೋದ ಸಲ ಕೇಳದವಳು ಈಗ ಕೇಳಬೇಡ ಅಂದಳು ಗಂಟಲು.

ದೊಡ್ಡ ಪ್ರಿಂಟ್ ಇಳಿಸಿ ಸುತ್ತಿಕೊಂಡು ಬಂದೆ. ಒಲೆಗೆ ಹಾಕಲು ಹೋದರೆ ಅಮ್ಮ ಕಸಿದುಕೊಂಡಳು. ಆ ಹೆಂಗಸು ಮಗನ ಮೊಡವೆ ಮುಟ್ಟಿದ್ದಾಳೆ ಇದರಲ್ಲಿ, ಸುಡ್ತೀಯಾ ಅಂದಳು. ತನ್ನ ಹಾಸಿಗೆಯ ಕೆಳಗೆ ಹಾಸಿ ಮೇಲೆ ಮಲಗಿದಳು. ಇನ್ನು ನನ್ನ ಬೆನ್ನ ಕೆಳಗೆ ಇಡೀ ಕಾರ್ಖಾನೆ, ನೋವಿಗೆ ಕಾರಣ ಕೇಳಿದರೆ ಇದನ್ನೇ ಹೇಳ್ತೀನಿ ಅಂದಳು.

ಬುಧವಾರ, 12

ಬರೆಯಲಿಲ್ಲ ಇಷ್ಟು ದಿನ. ಪೆನ್ನು ತೆಗೆದರೆ ಯಾರೋ ಹೆಗಲ ಮೇಲಿನಿಂದ ಓದುತ್ತಿದ್ದಾರೆ ಅನ್ನಿಸುತ್ತಿತ್ತು.

ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ಒಂದು ಬೈಕು. ಹೆಲ್ಮೆಟ್ ತೆಗೆಯದೆ ಕೂತಿರುತ್ತಾನೆ. ನಿನ್ನೆಯೂ ಇದ್ದ. ಇರಬಹುದು ಯಾರದೋ ಗಂಡ, ಯಾರಿಗೋ ಕಾಯುತ್ತಿರಬಹುದು… ಇಲ್ಲದಿರಲೂಬಹುದು. ಹಾಲು ಹಾಕುವವನು ಬೆಲ್ ಒತ್ತಿದರೂ ಕಿಟಕಿಯಿಂದ ಇಣುಕಿಯೇ ಬಾಗಿಲು ತೆಗೆಯುತ್ತೇನೆ. ಭಯಕ್ಕೂ ಒಂದು ವಾಸನೆ ಇದೆ, ಫಿಕ್ಸರಿನದರಂತೆ. ತೊಳೆದರೂ ಬೆರಳಿನಲ್ಲಿ ಉಳಿಯುತ್ತದೆ.

ಇವತ್ತು ವಿಚಾರಣೆಯ ಅಧಿಕಾರಿಯಿಂದ ಆರ್ಡರ್ ಬಂತು. ಚಿತ್ರ ನಕಲಿ, ಕೈಯಿಂದ ತಿದ್ದಿದ್ದು ಎಂದು ಕಂಪನಿ ತಕರಾರು ಎತ್ತಿದೆ. ಶುಕ್ರವಾರ ಅಧಿಕಾರಿಯ ಗುಮಾಸ್ತ ಮತ್ತು ಕಂಪನಿಯ ಒಬ್ಬ ಪ್ರತಿನಿಧಿಯ ಎದುರಿಗೆ ನಾನು ಇಲ್ಲಿಯೇ, ನಮ್ಮ ಬಚ್ಚಲಿನಲ್ಲೇ, ಹಾಲ್‌ನಲ್ಲಿದ್ದ ದೊಡ್ಡ ಅಳತೆಯಲ್ಲೇ, ಹೊಸದಾಗಿ ಪ್ರಿಂಟ್ ಮಾಡಿ ತೋರಿಸಬೇಕು. ಸೋಮವಾರ ವಿಚಾರಣೆಯಲ್ಲಿ ನೆಗೆಟಿವ್ ಒಪ್ಪಿಸಬೇಕು.

ನೆಗೆಟಿವ್ ಕೊಟ್ಟರೆ ಅವಳನ್ನು ಕೊಟ್ಟ ಹಾಗೆ. ಕೊಡದಿದ್ದರೆ ಚಿತ್ರ ಸುಳ್ಳು ಅಂತಾಗುತ್ತದೆ, ಮೂವರು ತಾವಾಗಿಯೇ ಇಳಿದು ಸತ್ತರು ಅಂತಾಗುತ್ತದೆ. ಎರಡೂ ಕಡೆ ನಮ್ಮವರೇ. ಕತ್ತರಿ ಮಾತ್ರ ನನ್ನ ಕೈಗೆ ಕೊಟ್ಟಿದ್ದಾರೆ.

ಶುಕ್ರವಾರ, 14. ಸಂಜೆ

ಪ್ರತಿನಿಧಿ ಅಂದರೆ ಬಿಳಿ ಅಂಗಿ. ಇನ್ಯಾರು ಬರುತ್ತಾರೆ.

ಅಮ್ಮ ಬೆಳಿಗ್ಗೆಯಿಂದಲೇ ಜ್ವರ ಬಂದವಳಂತೆ ಹೊದ್ದು ಮಲಗಿದ್ದಳು, ಹಾಸಿಗೆ ಬಿಟ್ಟು ಏಳಲಿಲ್ಲ. ಅವನು ಅವಳ ಮಂಚದ ಪಕ್ಕವೇ ಹಾದು ಬಂದ. ಗುಮಾಸ್ತನಿಗೆ ಬಚ್ಚಲಿನ ಘಾಟು ತಾಳಲಾಗಲಿಲ್ಲ, ಮೂಗು ಮುಚ್ಚಿಕೊಂಡು ಬಾಗಿಲಾಚೆ ಸ್ಟೂಲು ಹಾಕಿ ಕೂತ. ಗಂಟಲಿಗೆ ಒಳಗೆ ಜಾಗವಿಲ್ಲ. ಬಾಗಿಲು ಹಾಕಿದೆ. ಕೆಂಪು ಬೆಳಕಿನಲ್ಲಿ ಅವನು, ನಾನು. ಬಿಳಿ ಅಂಗಿ ಕೆಂಪಾಗಿ ಕಂಡಿತು.

ನೆಗೆಟಿವ್ ಕೂರಿಸಿದೆ. ಹಲಗೆಯ ಮೇಲೆ ಚಿತ್ರ ಬಿತ್ತು, ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು. ಟ್ಯಾಂಕು, ಬೆರಳು, ಮೂವರು. ಅವನು ಬಗ್ಗಿದ. ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಹಾಲಿನಲ್ಲಿದ್ದ ದೊಡ್ಡದು ಎಲ್ಲಿ ಎಂದು ಕೇಳಿದ. ಗೋಡೆ ತೇವ ಹಿಡಿದಿತ್ತು, ಹಾಳಾಯಿತು ಅಂದೆ. ಪಾಪ ಅಂದ.

ಕಾಗದ ಇಟ್ಟೆ. ರಟ್ಟಿನ ತಂತಿ ತೆಗೆದುಕೊಂಡೆ. ಮೂವರ ಮುಖದ ಮೇಲೆ ಆಡಿಸಿದೆ. ಮೂಲೆಯ ಕಡೆ ಹೋಗಲಿಲ್ಲ. ಹೋಗದಿದ್ದರೆ ಗಾಜು ತಾನಾಗಿ ಕಪ್ಪಾಗುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ.

“ಆ ಗಾಜಿನ ಮೇಲೂ ಆಡಿಸಿ. ಹಾಲ್‌ನಲ್ಲಿದ್ದ ಚಿತ್ರಕ್ಕೆ ಆಡಿಸಿದ್ರಲ್ಲ, ಹಾಗೇ.”

ಗಾಜು ತಾನೇ, ಏನೋ ನೆರಳು ಅಂದೆ. ಆ ನೆರಳೇ ನನಗೆ ಬೇಕು ಅಂದ. ಹಾಲಿನಲ್ಲಿ ನೋಡಿದೆ, ಹೆಂಗಸು ಅಂತ ಗೊತ್ತಾಯಿತು, ಯಾರು ಅಂತ ಗೊತ್ತಾಗುವ ಮೊದಲೇ ನಿಮ್ಮ ಕಾರ್ಯದರ್ಶಿ ಲೈಟ್ ಆರಿಸಿಬಿಟ್ಟಳು ಅಂದ. ಇಷ್ಟು ಮೆತ್ತಗೆ ಮಾತಾಡುವವರನ್ನು ನಾನು ನೋಡಿಲ್ಲ.

ಆಡಿಸಿದೆ. ಇನ್ನೇನು ಮಾಡಲಿ.

ಆದರೆ ಕಾಗದ ಇನ್ನೂ ಬಿಳಿಯ ಹಾಳೆಯೇ. ಚಿತ್ರ ಹುಟ್ಟುವುದು ಟ್ರೇಯಲ್ಲಿ. ಟ್ರೇ ಪಕ್ಕ ನೀರು ಬೆರೆಸದ ಗಟ್ಟಿ ಡೆವಲಪರಿನ ಬಾಟಲಿ ಮುಚ್ಚಳವಿಲ್ಲದೆ ಇತ್ತು. ಕಾಗದ ಮುಳುಗಿಸಲು ಬಗ್ಗಿದಾಗ ಬಲಗೈ ಹೆಬ್ಬೆರಳನ್ನು ಅದರೊಳಗೆ ಅದ್ದಿ ತೆಗೆದೆ. ಬೆರಳಿನ ಬಿಸಿ, ಗಟ್ಟಿ ರಸ, ಉಜ್ಜು — ಮೂರೂ ಸೇರಿದರೆ ಅಷ್ಟು ಜಾಗ ಬೇಗ ಕಪ್ಪಾಗುತ್ತದೆ. ಪೇಲವ ಆಕಾಶಕ್ಕೆ ಮೋಡ ತರಲು ಬಳಸುವ ಉಪಾಯ. ಮುಖಕ್ಕೆ ಯಾವತ್ತೂ ಬಳಸಿದ್ದಲ್ಲ.

ಕಾಗದ ತೇಲದ ಹಾಗೆ ಹಿಡಿದವಳಂತೆ ಮೂಲೆಯ ಮೇಲೆ ಹೆಬ್ಬೆರಳು ಇಟ್ಟೆ. ಬೆರಳಿನ ಕೆಳಗೆ ಅವಳು. ಟ್ರೇಯಲ್ಲಿ ಮೊದಲು ಬೋರ್ಡು ಬಂತು, ಆಮೇಲೆ ಬೆರಳು ತೋರಿಸುವವನು, ಆಮೇಲೆ ಮೂವರು, ಒಬ್ಬೊಬ್ಬರಾಗಿ. ಕಣ್ಣು ತೆರೆದು ನನ್ನನ್ನೇ ನೋಡಿದರು. ನಾನು ಉಜ್ಜುತ್ತಿದ್ದೆ. ಕಾಣದಷ್ಟು ಸಣ್ಣಗೆ. ತಾಯಿ ಮಗುವಿನ ಕೆನ್ನೆ ಉಜ್ಜುವ ಹಾಗೆ ಉಜ್ಜಿ ಉಜ್ಜಿ ಒಂದು ಕಪ್ಪು ಮುಖವನ್ನು ಅಳಿಸುತ್ತಿದ್ದೆ.

ಬೆರಳು ತೆಗೆದೆ. ಪೂರ್ತಿ ಕಪ್ಪಾಗಿರಲಿಲ್ಲ. ಮಸಿ ಮೆತ್ತಿದಂತೆ ಇತ್ತು. ಮುಖ ಮುಖವಾಗಿ ಉಳಿದಿರಲಿಲ್ಲ.

ಕಾಗದ ಫಿಕ್ಸರಿನಲ್ಲಿ ಕೂತ ಮೇಲೆ ದೊಡ್ಡ ದೀಪ ಹಾಕಿದೆ. ಅವನು ಬಗ್ಗಿ ನೋಡಿದ. ಬಹಳ ಹೊತ್ತು. ಆಮೇಲೆ ನೆಟ್ಟಗಾಗಿ, ಕರ್ಚೀಫು ತೆಗೆದು ನನ್ನ ಕಡೆ ಚಾಚಿದ. ಬೆರಳು ಒರೆಸಿಕೊಳ್ಳಿ ಎಂಬಂತೆ.

“ಸೋಮವಾರ ನೆಗೆಟಿವ್ ನಮ್ಮ ಕೈಗೂ ಬರುತ್ತೆ ಮೇಡಂ. ಕಂಪ್ಯೂಟರಿಗೆ ಹಾಕಿ ನೋಡ್ತೀವಿ. ಅಲ್ಲಿ ಯಾರ ಹೆಬ್ಬೆರಳೂ ಇರೋದಿಲ್ಲ.”

ಕರ್ಚೀಫು ಮುಟ್ಟಲಿಲ್ಲ ನಾನು. ಹೋಗುವಾಗ ಅಮ್ಮನ ಮಂಚದ ಹತ್ತಿರ ನಿಂತು ಹುಷಾರು ಅಮ್ಮಾ, ಹಾಸಿಗೆ ಬಿಟ್ಟು ಏಳಬೇಡಿ ಅಂದ. ಅಮ್ಮ ಗೋಡೆಗೆ ತಿರುಗಿ ಮಲಗಿದಳು. ಅವನು ಹೋದ ಮೇಲೆ ನೋಡಿದರೆ ನಿಜವಾಗಿಯೂ ಮೈ ಸುಡುತ್ತಿತ್ತು.

ಹೆಬ್ಬೆರಳ ಉಗುರು ಕಂದು ತಿರುಗಿದೆ. ಉಜ್ಜಿದರೂ ಹೋಗುತ್ತಿಲ್ಲ.

ಶನಿವಾರ, 15. ಮಧ್ಯಾಹ್ನ

ಬೆಳಿಗ್ಗೆಯಿಂದ ಸೂಜಿ ಹಿಡಿದು ಕೂತಿದ್ದೆ. ನೆಗೆಟಿವ್ ಗಾಜಿನ ಮೇಲೆ, ಕೆಳಗೆ ಬೆಳಕು. ಅವಳು ಅಲ್ಲಿ ಅಕ್ಕಿಯ ನುಚ್ಚಿಗಿಂತ ಚಿಕ್ಕವಳು. ಒಂದು ಗೀರು ಸಾಕು. ಎಷ್ಟು ದೊಡ್ಡ ಕಂಪ್ಯೂಟರಾದರೂ ಗೀರಿನೊಳಗೆ ಮುಖ ಹುಡುಕಲಾರದು. ಆದರೆ ಗೀರು ಕಂಡ ತಕ್ಷಣ ಅವರ ವಕೀಲ ಎದ್ದು ನಿಲ್ಲುತ್ತಾನೆ, ತಿದ್ದಿದ್ದಾರೆ ಅಂತ. ಆಮೇಲೆ ಸೂಪರ್‌ವೈಸರನ ಬೆರಳೂ ಸುಳ್ಳು.

ಸೂಜಿ ಇಳಿಸಿದೆ, ಎತ್ತಿದೆ. ಇಳಿಸಿದೆ, ಎತ್ತಿದೆ.

ಆಗ ಬೆಲ್. ನೆಗೆಟಿವನ್ನು ಸಕ್ಕರೆ ಡಬ್ಬಕ್ಕೆ ಹಾಕಿ ಹೋದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಿತ್ತು ಎಂದು ಜೋರಾಗಿ, ಬೀದಿಗೆ ಕೇಳುವ ಹಾಗೆ ಹೇಳಿದಳು ಬಂದವಳು. ಕೈಯಲ್ಲಿ ಊಟದ ಡಬ್ಬಿ. ಹಾಲಿನಲ್ಲಿ ನೆಲ ನೋಡುತ್ತಿದ್ದವಳು. ಮೊಡವೆಯ ಹುಡುಗನ ಅಕ್ಕ. ಅವಳ ಮುಖವನ್ನು ಅವಳಿಗಿಂತ ಚೆನ್ನಾಗಿ ಬಲ್ಲೆ ನಾನು, ಮೂಗಿನ ಪಕ್ಕದ ನೆರಳು ಸಮೇತ. ಒಮ್ಮೆ ಎತ್ತಿ, ಒಮ್ಮೆ ಅಳಿಸಿದ್ದೇನೆ.

ಒಳಗೆ ಕರೆದು ಬಾಗಿಲು ಹಾಕಿದೆ. ಡಬ್ಬಿ ತೆಗೆದು ನನ್ನ ಕ್ಯಾಮೆರಾ ವಾಪಸು ಕೊಟ್ಟಳು. ಡಬ್ಬಿಯ ಪಕ್ಕಕ್ಕೆ ಲೆನ್ಸಿನಷ್ಟು ತೂತು ಕೊರೆದಿದ್ದಾಳೆ, ಮೇಲೆ ಸ್ಟಿಕ್ಕರು. ತಮ್ಮನೇ ಕೊರೆದುಕೊಟ್ಟನಂತೆ. ಅಕ್ಕ, ಇನ್ನು ಇದರಲ್ಲಿ ಸಾರು ತರುವ ಹಾಗಿಲ್ಲ ಅಂತ ನಕ್ಕಿದ್ದನಂತೆ. ಟ್ಯಾಂಕಿಗೆ ಇಳಿಸುತ್ತಾರೆ ಎಂದು ಹಿಂದಿನ ದಿನವೇ ಅವನಿಗೆ ಹೇಳಿದ್ದರು. ಇಳಿಯುವುದಿಲ್ಲ ಅಂದರೆ ಗೇಟಿನ ಹೊರಗೆ. ಫೋಟೋ ಇದ್ದರೆ ದೂರು ಕೊಡಬಹುದು, ಮುಂದಿನ ಸಲವಾದರೂ ನಿಲ್ಲಿಸುತ್ತಾರೆ ಎಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದರು. ಮುಂದಿನ ಸಲ. ಇದನ್ನೆಲ್ಲ ಅಳದೆ ಹೇಳಿದಳು. ನನ್ನಿಂದ ಕೂತಿರಲಾಗಲಿಲ್ಲ.

ಚಿತ್ರ ತೋರಿಸಿ ಅಂದಳು. ಅಮ್ಮ ಎದ್ದು ಹಾಸಿಗೆ ಸರಿಸಿದಳು. ದೊಡ್ಡ ಪ್ರಿಂಟನ್ನು ನೆಲದ ಮೇಲೆ ಹಾಸಿದೆವು. ಮೊದಲು ತಮ್ಮನನ್ನು ನೋಡಿದಳು. ಆಮೇಲೆ ಮೊಣಕಾಲೂರಿ ಮೂಲೆಯನ್ನು. ತನ್ನ ಜೇಬು ಮುಟ್ಟಿಕೊಂಡಳು, ಎಡಗಡೆ; ಚಿತ್ರದ ಜೇಬು ಮುಟ್ಟಿದಳು, ಬಲಗಡೆ.

ಎಲ್ಲ ಹೇಳಿದೆ. ರಟ್ಟು, ಹೆಬ್ಬೆರಳು, ಬಿಳಿ ಅಂಗಿಯ ಕರ್ಚೀಫು. ಸೂಜಿಯನ್ನೂ ತೋರಿಸಿದೆ. ನೀನು ಹೂಂ ಅಂದರೆ ಈಗಲೇ ಗೀಚಿಬಿಡುತ್ತೇನೆ, ನಿನ್ನನ್ನು ಉಳಿಸುತ್ತೇನೆ ಅಂದೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನ್ನನ್ನ ಕೇಳ್ದೆ ಬೆಳಕಿಗೆ ತಂದ್ರಿ ಅಕ್ಕ. ನನ್ನನ್ನ ಕೇಳ್ದೆ ಕಪ್ಪು ಮಾಡಿದ್ರಿ. ಸೂಜಿಗಾದ್ರೂ ಕೇಳಿದ್ರಲ್ಲ.”

ಹೊಡೆದ ಹಾಗಾಯಿತು. ನಮ್ಮವರ ಮುಖ, ನಮ್ಮವರ ಮುಖ ಅಂತ ಇಷ್ಟು ವರ್ಷ ಎದೆ ತಟ್ಟಿಕೊಂಡೆ. ಮುಖದ ಯಜಮಾನರನ್ನು ಒಂದು ಸಲ ಕೇಳಿದೆನಾ? ಕತ್ತಲಲ್ಲಿ ನಿಂತವರು ಕೆಲವು ಸಲ ಬೇಕೆಂದೇ ನಿಂತಿರುತ್ತಾರೆ. ನನಗೆ ಹೊಳೆಯಲೇ ಇಲ್ಲ.

ಗೀ‌ಚಿದರೆ ತಮ್ಮನೂ ಹೋಗುತ್ತಾನಲ್ಲ ಅಂದಳು ಆಮೇಲೆ, ಚಿತ್ರ ನೋಡುತ್ತಲೇ. ತಾನಾಗಿಯೇ ಇಳಿದ ಅಂತ ಆಗಿಬಿಡುತ್ತದಲ್ಲ.

ಗಂಟಲು ಅವಳಿಗೆ ಮೊದಲೇ ಒಂದು ದಾರಿ ಹೇಳಿದ್ದಾಳೆ. ತೆಗೆದವಳು ನಾನೇ ಎಂದು ಅಧಿಕಾರಿಯ ಮುಂದೆ ನಿಂತು ಹೇಳುವುದು. ಹೇಳಿಕೆ ದಾಖಲಾದರೆ ಚಿತ್ರಕ್ಕೆ ಬಲ, ಆಮೇಲೆ ಕೈ ಮುರಿದರೆ ಮುರಿದವರು ಯಾರೆಂದು ಊರಿಗೇ ಗೊತ್ತು. ಗೊತ್ತಾದರೆ ಮುರಿದ ಕೈ ಕೂಡುತ್ತದೆಯೇ ಎಂದು ಇವಳು ಕೇಳಿದಳಂತೆ.

ಮನೆಯಲ್ಲಿ ತಾಯಿಗೆ ಇನ್ನೂ ಹೇಳಿಲ್ಲ. ಅವಳಿಗೆ ಉಳಿದಿರುವುದು ನಾನೊಬ್ಬಳೇ, ಅವಳನ್ನು ಕೇಳದೆ ಆಗುವುದಿಲ್ಲ ಅಂದಳು. ನಿಂತಲ್ಲೇ ಕೋಟಿನ ಗುಂಡಿ ಹಾಕಿಕೊಂಡಳು.

“ಸೋಮವಾರ ಡಬ್ಬಿ ಹಿಡ್ಕೊಂಡು ಬಂದ್ರೆ ನೆಗೆಟಿವ್ ಕೊಟ್ಬಿಡಿ. ನಿಮ್ಮನ್ನ ಕರೆಯೋವರೆಗೂ ನಾನು ಬರ್ಲಿಲ್ಲ ಅಂದ್ರೆ ಗೀಚ್ಬಿಡಿ.”

ಹೊರಗೆ ಹೋಗುವಾಗ ಮತ್ತೆ ಜೋರಾಗಿ, ಫೋಟೋ ಯಾವಾಗ ಸಿಗುತ್ತದೆ ಎಂದು ಕೇಳಿದಳು. ಸೋಮವಾರ ಅಂದೆ, ನಾನೂ ಜೋರಾಗಿ. ಜೆರಾಕ್ಸ್ ಅಂಗಡಿಯ ಮುಂದೆ ಬೈಕು ಇತ್ತು. ಹೆಲ್ಮೆಟ್ ಅವಳ ಬೆನ್ನು ನೋಡುತ್ತಿತ್ತು. ಅವಳು ತಿರುವಿನವರೆಗೆ ಓಡಲಿಲ್ಲ. ನಡೆದೇ ಹೋದಳು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಬೈಕು ಸ್ಟಾರ್ಟ್ ಆಗಲಿಲ್ಲ. ಇವತ್ತು.

ಭಾನುವಾರ, 16

ಏನೂ ಸುದ್ದಿ ಇಲ್ಲ.

ಬೈಕೂ ಇಲ್ಲ. ಇದ್ದಾಗಿನ ಭಯಕ್ಕಿಂತ ಇಲ್ಲದ ಭಯ ದೊಡ್ಡದು. ಎಲ್ಲಿ ಹೋದ? ಯಾರ ಮನೆಯ ಮುಂದೆ ನಿಂತಿದ್ದಾನೆ?

ಗಂಟಲಿಗೆ ಫೋನ್ ಮಾಡಲು ಧೈರ್ಯವಿಲ್ಲ. ಅಮ್ಮ ಬಚ್ಚಲಿಗೆ ಹೋಗಿ ಬಂದು, ಇವತ್ತು ನಿನ್ನ ಫೋಟೋಗಳು ಇಲ್ಲದೆ ಸ್ನಾನವೇ ಸೇರಲಿಲ್ಲ ಕಣೇ ಅಂದಳು. ಆಮೇಲೆ ನನ್ನ ಹೆಬ್ಬೆರಳು ಹಿಡಿದುಕೊಂಡು ಕೂತಳು.

ಸೋಮವಾರ, 17. ಬೆಳಿಗ್ಗೆ

ವಿಚಾರಣೆಯ ಕಚೇರಿ. ಉದ್ದನೆಯ ಪಡಸಾಲೆ, ಗೋಡೆಗೆ ಬೆಂಚುಗಳು. ಕೂತು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕಲ್ಲ. ನೆಗೆಟಿವ್ ಲಕೋಟೆಯಲ್ಲಿ, ಲಕೋಟೆ ಬ್ಯಾಗಿನಲ್ಲಿ. ಸೂಜಿ ಕಾಲರಿನ ಒಳಗೆ.

ಎದುರಿನ ಬೆಂಚಿನಲ್ಲಿ ಬಿಳಿ ಅಂಗಿ, ಪಕ್ಕದಲ್ಲಿ ಅವರ ವಕೀಲ. ನನಗೆ ನಮಸ್ಕಾರ ಮಾಡಿದ. ಏನು ಬರೀತಾ ಇದ್ದೀರಿ ಮೇಡಂ ಎಂದು ಕೇಳಿದ. ಮನೆಗೆ ತರಬೇಕಾದ ಸಾಮಾನು ಅಂದೆ.

ಗಂಟಲು ಬಾಗಿಲವರೆಗೆ ಹೋಗಿ ಬರುತ್ತಿದ್ದಾಳೆ. ತಲೆ ಅಲ್ಲಾಡಿಸುತ್ತಾಳೆ. ಇಲ್ಲ. ಮತ್ತೆ ಹೋಗುತ್ತಾಳೆ. ಇಲ್ಲ. ನಿನ್ನೆಯಿಂದ ಡಬ್ಬಿಯ ಹುಡುಗಿಯ ಮನೆಗೆ ಬೀಗ, ಅಕ್ಕಪಕ್ಕದವರಿಗೂ ಗೊತ್ತಿಲ್ಲವಂತೆ. ಈಗ ಹೇಳಿದಳು, ನನ್ನ ಕಿವಿಯಲ್ಲಿ. ಹೆದರಿ ಊರು ಬಿಟ್ಟಳೋ, ಬಿಡಿಸಿದರೋ…

ಬಿಳಿ ಅಂಗಿ ನಗುತ್ತಿಲ್ಲ. ಅವನೂ ಬಾಗಿಲನ್ನೇ ನೋಡುತ್ತಿದ್ದಾನೆ. ಅಂದರೆ ಅವನಿಗೂ ಗೊತ್ತಿಲ್ಲ. ಅಂದರೆ ಅವಳು ಅವನ ಕೈಯಲ್ಲಿಲ್ಲ. ಇಷ್ಟಕ್ಕೇ ಉಸಿರು ಬಂತು.

ಗುಮಾಸ್ತ ಹೊರಗೆ ಬಂದ. ನಮ್ಮ ಕೇಸಿನ ನಂಬರು ಕೂಗಿದ. ಒಂದು ನಿಮಿಷ ಅಂದೆ. ಕಾಲರಿಗೆ ಕೈ ಹೋಯಿತು. ಬ್ಯಾಗಿನೊಳಗೇ ಗೀಚಬೇಕು, ಕಣ್ಣಿಗೆ ಕಾಣದೆ, ಮೇಲಿನ ಮೂಲೆ, ಬೆರಳ ಅಂದಾಜಿನಲ್ಲಿ. ಮೂವರಿಗೆ ತಾಗಬಾರದು. ತಾಗಿದರೆ? ಮೊಡವೆಯ ಹುಡುಗ ಮೂಲೆಗೇ ಹತ್ತಿರ…

ಎರಡನೆಯ ಸಲ ಕೂಗಿದ.

ಪಡಸಾಲೆಯ ಕೊನೆಯಲ್ಲಿ ಯಾರೋ. ಇಬ್ಬರು. ಬಾಗಿಲಿನ ಬೆಳಕು ಬೆನ್ನ ಹಿಂದೆ, ಎರಡೂ ಮುಖ ಕಪ್ಪು, ಮೊದಲ ಪ್ರಿಂಟಿನಲ್ಲಿ ಬರುವ ಹಾಗೆ. ಒಬ್ಬಳು ವಯಸ್ಸಾದವಳು, ಇನ್ನೊಬ್ಬಳ ತೋಳು ಹಿಡಿದಿದ್ದಾಳೆ. ಇನ್ನೊಬ್ಬಳಿಗೆ ಕೋಟು. ಜೇಬು — ಎಡಗಡೆ. ಎಡಗಡೆಯೇ. ಕೈಯಲ್ಲಿ ಡಬ್ಬಿ.

ಬಿಳಿ ಅಂಗಿ ಎದ್ದು ನಿಂತ. ಅವಳು ನೋಡಿದಳು ಅವನನ್ನು. ನಿಲ್ಲಲಿಲ್ಲ. ಮುಂದೆ ಕಿಟಕಿ, ಕಿಟಕಿಯ ಬೆಳಕು ನೆಲದ ಮೇಲೆ. ನನ್ನ ರಟ್ಟು ಬೇಡ, ಬೆರಳು ಬೇಡ, ಅವಳಾಗಿಯೇ ಇನ್ನೊಂದು ಹೆಜ್ಜೆ ಇಟ್ಟರೆ ಮುಖ ಬೆಳಕಿಗೆ…